ನಕುಲ ವೀಸಲ್ ಅಲ್ಲ, ಕೊನೇ ಸಲ ಹೇಳ್ತಿದ್ದೇನೆ

ಪ್ರಶ್ನೆ: ಮಗನಿಗೆ ನಕುಲ ಅಂತ ಹೆಸರಿಡಬೇಕು ಅಂದುಕೊಂಡಿದ್ದೇವೆ. ಅದು ವೀಸಲ್ ಕುಟುಂಬದ ಪ್ರಾಣಿಯ ಹೆಸರು ಎಂದು ಯಾರೋ ಹೇಳಿದರು. ನಿಜವೇ? ಬೇರೆ ದೇಶಗಳಲ್ಲೂ ಈ ಪ್ರಾಣಿಗಳ ಹೆಸರನ್ನು ಮಕ್ಕಳಿಗೆ ಇಡುತ್ತಾರಾ?

ಉತ್ತರ: ಇಡುತ್ತಾರೆ, ಧಾರಾಳವಾಗಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ 'ಯಾರೋ' ವಿಚಾರ. ಅವರು ನನಗೂ ಚೆನ್ನಾಗಿ ಪರಿಚಯ. ಹೆಸರುಗಳ ಬಗ್ಗೆ ಏನೇ ಬರೆದರೂ ಹಿಂದೆಯೇ ಬಂದು ಇದೇ ಮಾತು ಹೇಳಿ ಹೋಗುತ್ತಾರೆ.

ನಕುಲ ಎಂದರೆ ಮುಂಗುಸಿ. ಇದರಲ್ಲಿ ತಕರಾರಿಲ್ಲ. ವೀಸಲ್ ಅಂದರೆ ಇಲಿ ಹಿಡಿಯುವ, ಉದ್ದ ಮೈಯ ಪುಟ್ಟ ಬೇಟೆಪ್ರಾಣಿ; ಮಾರ್ಟೆನ್, ಸೇಬಲ್, ನೀರುನಾಯಿ, ಬ್ಯಾಡ್ಜರ್ ಎಲ್ಲ ಅದರ ಕುಟುಂಬದವು. ಆದರೆ ಮುಂಗುಸಿ ಆ ಕುಟುಂಬದ್ದಲ್ಲ. ದಾಯಾದಿಯೂ ಅಲ್ಲ, ಹತ್ತಿರದ ನೆಂಟನೂ ಅಲ್ಲ.

ಗೊಂದಲ ಶುರುವಾಗುವುದು ಅನುವಾದದಲ್ಲಿ. ವೀಸಲ್‌ಗೆ ಕನ್ನಡದಲ್ಲಿ ಬಾಯಿಗೆ ಬರುವ ಹೆಸರಿಲ್ಲ. ಹಾಗಾಗಿ 'ಮುಂಗುಸಿಯಂಥ ಪ್ರಾಣಿ' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಓದಿದವರು ಅದನ್ನೇ ತಿರುಗಿಸಿಕೊಳ್ಳುತ್ತಾರೆ: ಓಹೋ, ಮುಂಗುಸಿ ಅಂದ್ರೆ ವೀಸಲ್ ಜಾತಿ! ಅಲ್ಲಿಗೆ ಮುಗಿಯಿತು. ಆಮೇಲೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.

ಬೇಟೆಯಾಡುವ ಈ ಸ್ತನಿಗಳ ವಂಶ 4 ಕೋಟಿ ವರ್ಷಕ್ಕೂ ಹಿಂದೆಯೇ ಎರಡು ಕವಲಾಯಿತು. ಒಂದು ಬೆಕ್ಕಿನ ಕಡೆ, ಇನ್ನೊಂದು ನಾಯಿಯ ಕಡೆ. ಹುಲಿ, ಪುನುಗುಬೆಕ್ಕು, ಕತ್ತೆಕಿರುಬ, ಮುಂಗುಸಿ ಎಲ್ಲ ಬೆಕ್ಕಿನ ಕಡೆಯವು. ತೋಳ, ಕರಡಿ, ಸೀಲ್, ವೀಸಲ್ ನಾಯಿಯ ಕಡೆಯವು. ಅಂದರೆ ವೀಸಲ್‌ಗೆ ಮುಂಗುಸಿಗಿಂತ ಕರಡಿ ಹತ್ತಿರ. ಮುಂಗುಸಿಗೆ ವೀಸಲ್‌ಗಿಂತ ಕತ್ತೆಕಿರುಬ ಹತ್ತಿರ. ನಂಬುವುದು ಕಷ್ಟ, ಅಲ್ವಾ? ಆದರೂ ನಿಜ.

'ನೋಡೋಕೆ ಒಂದೇ ಥರ ಇವೆಯಲ್ಲ' ಎಂಬ ಪ್ರಶ್ನೆ ಬಂದೇ ಬರುತ್ತದೆ. ಇವೆ. ಉದ್ದ ಮೈ, ಗಿಡ್ಡ ಕಾಲು, ಚೂಪು ಮೂತಿ. ಬಿಲಕ್ಕೆ ನುಗ್ಗಿ ಬೇಟೆಯಾಡುವ ಪ್ರಾಣಿಗೆ ಇನ್ನೆಂಥ ಮೈ ಇರಬೇಕಿತ್ತು? ತಿಮಿಂಗಿಲವೂ ಮೀನಿನ ಥರವೇ ಇದೆ. ಅದನ್ನು ಮೀನು ಅಂದರೆ ಮಕ್ಕಳೂ ನಗುತ್ತಾರೆ. ಮುಂಗುಸಿಯ ಕಣ್ಣನ್ನು ಹತ್ತಿರದಿಂದ ನೋಡಿ, ಪಾಪೆ ಆಡಿನ ಕಣ್ಣಿನ ಹಾಗೆ ಅಡ್ಡಡ್ಡ ಸೀಳಿದಂತಿರುತ್ತದೆ. ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ತಲೆಬುರುಡೆಯನ್ನು ಮಗುಚಿ ನೋಡಬೇಕು. ಕಿವಿಯ ಕೆಳಗೆ ಗುಳ್ಳೆಯಂಥ ಒಂದು ಮೂಳೆ ಇರುತ್ತದೆ. ಮುಂಗುಸಿಯಲ್ಲಿ ಅದರೊಳಗೆ ತೆಳ್ಳನೆಯ ಗೋಡೆ ಎದ್ದು ಎರಡು ಕೋಣೆಯಾಗಿರುತ್ತದೆ, ಬೆಕ್ಕಿನಲ್ಲಿ ಇರುವಂತೆಯೇ. ವೀಸಲ್‌ನಲ್ಲಿ ಆ ಗೋಡೆ ಇಲ್ಲ. ಬಸಿರೂ ಬೇರೆ ಥರ. ವೀಸಲ್‌ನ ಒಡಹುಟ್ಟಿನಂಥ ಸ್ಟೋಟ್ ಬೇಸಿಗೆಯಲ್ಲಿ ಕೂಡಿದರೆ ಭ್ರೂಣ ತಿಂಗಳುಗಟ್ಟಲೆ ಬೆಳೆಯದೆ ಸುಮ್ನೆ ಕಾದು, ಮರಿ ಹುಟ್ಟುವುದು ಮುಂದಿನ ವಸಂತದಲ್ಲಿ. ಮುಂಗುಸಿ ಸುಮಾರು ಎರಡು ತಿಂಗಳಲ್ಲಿ ಹೆತ್ತು ಮುಗಿಸುತ್ತದೆ.

ಇದು ನಿನ್ನೆ ಮೊನ್ನೆ ಗೊತ್ತಾದ ಸಂಗತಿಯೂ ಅಲ್ಲ. 1758ರಲ್ಲಿ ಪ್ರಾಣಿಗಳನ್ನು ವಿಂಗಡಿಸಲು ಕೂತ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಬೇಕಾದಷ್ಟು ಎಡವಟ್ಟು ಮಾಡಿದ್ದಾನೆ. ಆದರೆ ಮುಂಗುಸಿಯನ್ನು ಅವನೂ ವೀಸಲ್ ಗುಂಪಿಗೆ ಹಾಕಲಿಲ್ಲ, ಪುನುಗಿನ ಗುಂಪಿಗೆ ಹಾಕಿದ.

ನಮ್ಮ ವ್ಯಾಕರಣಕಾರರಂತೂ ಈ ಪದವನ್ನು ನ + ಕುಲ, ಕುಲವಿಲ್ಲದ್ದು ಎಂದು ಬಿಡಿಸಿದರು. ಪಾಣಿನಿಯ ಒಂದು ಸೂತ್ರದಲ್ಲಿ ನಖ, ನಕ್ಷತ್ರಗಳ ಸಾಲಿನಲ್ಲೇ ನಕುಲವೂ ಕೂತಿದೆ. ವೀಸಲ್ ಕುಲದ್ದಲ್ಲ ಎಂಬುದಕ್ಕೆ ಇದನ್ನೂ ಸಾಕ್ಷಿಯಾಗಿ ತರೋಣ ಅನ್ನಿಸುತ್ತದೆ, ಆದರೆ ಅದು ನಾನು ಮಾಡುವ ತಮಾಷೆ. ಹೆಸರು ಧೈರ್ಯವಾಗಿ ಇಡಿ. ಪಾಂಡವರಲ್ಲಿ ಅತಿ ಚೆಲುವ ಅವನೇ.

ಇದೇ ಜಾತಿಯ ಇನ್ನೆರಡು ತಪ್ಪುಗಳನ್ನು ಬೇಗ ಮುಗಿಸುತ್ತೇನೆ. ಮಾರ್ಟಿನ್ ಎಂಬ ಹೆಸರು ಮಾರ್ಟೆನ್ ಎಂಬ ಪ್ರಾಣಿಯಿಂದ ಬಂದಿಲ್ಲ, ರೋಮನ್ನರ ಯುದ್ಧದೇವತೆ ಮಾರ್ಸ್‌ನಿಂದ ಬಂತು. ಒಟ್ಟೊ ಎಂದರೆ ಆಟರ್, ಅಂದರೆ ನೀರುನಾಯಿ ಅಲ್ಲ. ಅದರ ಮೂಲ ಸಂಪತ್ತು ಎಂಬ ಅರ್ಥದ ಹಳೆಯ ಜರ್ಮನ್ ಪದ. ನಿಜವಾದ ನೀರುನಾಯಿ ಬೇಕಿದ್ದರೆ ನಾರ್ಸ್ ಪುರಾಣಕ್ಕೆ ಹೋಗಿ. ಅಲ್ಲಿ ಓಟರ್ ಎಂಬ ಹುಡುಗ ನೀರುನಾಯಿಯ ರೂಪದಲ್ಲಿ ಮೀನು ತಿನ್ನುತ್ತಿದ್ದಾಗ ಲೋಕಿ ಎಂಬ ತುಂಟ ದೇವತೆ ಕಲ್ಲು ಹೊಡೆದು ಕೊಲ್ಲುತ್ತಾನೆ. ಅಪ್ಪ ಪರಿಹಾರ ಕೇಳುತ್ತಾನೆ: ಆ ಚರ್ಮ ಪೂರ್ತಿ ಮುಚ್ಚುವಷ್ಟು ಚಿನ್ನ. ದೇವತೆಗಳು ಸುರಿಯುತ್ತಾರೆ. ಕೊನೆಗೆ ಒಂದೇ ಒಂದು ಮೀಸೆಕೂದಲು ಹೊರಗೆ ಕಾಣುತ್ತದೆ. ಅದನ್ನು ಮುಚ್ಚಲು ಶಾಪಗ್ರಸ್ತ ಉಂಗುರವನ್ನೂ ಬಿಚ್ಚಿ ಕೊಡಬೇಕಾಗುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಹಳೆಯ ಉದಾಹರಣೆ ಹೀಬ್ರೂ ಬೈಬಲಿನ ಹುಲ್ದಾ. ಯೋಷೀಯ ರಾಜನ ಕಾಲದ ಪ್ರವಾದಿನಿ. ದೇವಾಲಯದಲ್ಲಿ ಸಿಕ್ಕ ಗ್ರಂಥದ ಬಗ್ಗೆ ಕೇಳಲು ರಾಜ ಜನರನ್ನು ಅಟ್ಟಿದಾಗ ಅವಳು 'ನಿಮ್ಮನ್ನು ಕಳಿಸಿದ ಆ ಮನುಷ್ಯನಿಗೆ ಹೇಳಿ' ಎಂದಳು. ರಾಜನಿಗೆ ಅನ್ನಲಿಲ್ಲ! ತಾಲ್ಮುಡ್‌ನ (ಯಹೂದಿಗಳ ಧರ್ಮಚರ್ಚೆಯ ಗ್ರಂಥ) ಪಂಡಿತರಿಗೆ ಇದು ಹಿಡಿಸಲಿಲ್ಲ. ಇಬ್ಬರು ಹೆಂಗಸರಿಗೆ ಜಂಬ ಜಾಸ್ತಿ, ಅದಕ್ಕೇ ಅವರ ಹೆಸರೂ ಕೆಟ್ಟವು, ಒಬ್ಬಳು ಜೇನ್ನೊಣ, ಇನ್ನೊಬ್ಬಳು ವೀಸಲ್ ಎಂದು ಗೊಣಗಿದರು. ಜೇನ್ನೊಣ ಅಂದರೆ ಬೈಬಲಿನ ಇನ್ನೊಬ್ಬ ಪ್ರವಾದಿನಿ ದೆಬೋರಾ, ವೀಸಲ್ ಅಂದರೆ ಈ ಹುಲ್ದಾ. ಸ್ವೀಡನ್, ನಾರ್ವೆ ಕಡೆಯ ಹುಲ್ದಾಗೆ ಮಾತ್ರ ಪ್ರೀತಿಯ, ಮುದ್ದಾದ ಎಂಬ ಬೇರೆಯೇ ಮೂಲವಿದೆ. ಎರಡನ್ನೂ ಬೆರೆಸಬೇಡಿ.

ಮಂಗೋಲರಲ್ಲಿ ಇಂಥ ಹೆಸರಿಗೆ ಯಾರೂ ಮೂಗು ಮುರಿಯಲಿಲ್ಲ. ಬುಲುಗನ್ ಎಂದರೆ ಸೇಬಲ್, ವೀಸಲ್ ಕುಟುಂಬದಲ್ಲೇ ಅತಿ ಬೆಲೆಬಾಳುವ ತುಪ್ಪಳದ ಪ್ರಾಣಿ. ಬೋರ್ತೆಯನ್ನು ಮದುವೆಯಾದಾಗ ಅತ್ತೆಮನೆಯಿಂದ ಬಂದ ಕಪ್ಪು ಸೇಬಲ್ ಕೋಟನ್ನೇ ಚೆಂಗಿಸ್ ಖಾನ್ ಒಬ್ಬ ದೊಡ್ಡ ನಾಯಕನಿಗೆ ಕಾಣಿಕೆ ಕೊಟ್ಟು ಬೆಂಬಲ ಗಳಿಸಿದ. ಅಂಥ ಕಡೆ ಹೆಣ್ಣುಮಗುವಿಗೆ ಸೇಬಲ್ ಅಂದರೆ ನಾವು ಬಂಗಾರಿ ಅಂದ ಹಾಗೆ. ಪರ್ಷಿಯಾ ಆಳಿದ ಅರ್ಗುನ್ ಖಾನನ ರಾಣಿ ಬುಲುಗನ್ 1286ರಲ್ಲಿ ತೀರಿಕೊಂಡಳು. ಅವಳ ಜಾಗಕ್ಕೆ ಅವಳ ವಂಶದವಳೇ ಬೇಕೆಂದು ಅರ್ಗುನ್ ಚೀನಾಕ್ಕೆ ದೂತರನ್ನು ಕಳಿಸಿದ. ಹೊಸ ಹುಡುಗಿಯ ಜೊತೆ ಹಡಗು ಹತ್ತಿದವರಲ್ಲಿ ಮಾರ್ಕೊ ಪೋಲೊ ಒಬ್ಬ. ಅವರು ತಲುಪುವಷ್ಟರಲ್ಲಿ ಅರ್ಗುನ್ ಸತ್ತಿದ್ದ. ಮದುವೆ ಅವನ ಮಗನ ಜೊತೆ ಆಯಿತು.

ರಷ್ಯಾ, ಪೋಲೆಂಡ್ ಕಡೆ ಇವು ಅಡ್ಡಹೆಸರಾಗಿ ಶುರುವಾಗಿ ಮನೆತನದ ಹೆಸರಾದವು. ಸೊಬೊಲೆವ್ ಸೇಬಲ್‌ನಿಂದ, ಕುನಿತ್ಸಿನ್ ಮಾರ್ಟೆನ್‌ನಿಂದ, ಬೊರ್ಸುಕ್ ಬ್ಯಾಡ್ಜರ್‌ನಿಂದ. ಇಪ್ಪತ್ತನೇ ಶತಮಾನದ ಗಣಿತದಲ್ಲಿ ಸೊಬೊಲೆವ್ ಸ್ಪೇಸ್ ಇದೆ, ಬೊರ್ಸುಕ್-ಉಲಾಂ ಪ್ರಮೇಯವೂ ಇದೆ. ಸೇಬಲ್ಲೂ ಬ್ಯಾಡ್ಜರ್ರೂ ಒಂದೇ ಪಠ್ಯದಲ್ಲಿ! ಇಂಗ್ಲಿಷಿನ ಬ್ರಾಕ್ ಕೂಡ ಬ್ಯಾಡ್ಜರ್ರೇ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಜನ ವೀಸಲ್ ಹೆಸರನ್ನು ಇಟ್ಟುಕೊಂಡದ್ದಕ್ಕಿಂತ ವೀಸಲ್‌ಗೆ ಜನರ ಹೆಸರು ಇಟ್ಟದ್ದೇ ಜಾಸ್ತಿ. ಟರ್ಕಿಯಲ್ಲಿ ಅದು ಗೆಲಿಂಜಿಕ್, ಪುಟ್ಟ ಮದುಮಗಳು. ಗ್ರೀಕರ ನಿಫಿತ್ಸಾಗೂ ಇದೇ ಅರ್ಥ. ಇಟಲಿಯ ದೊನ್ನೊಲಾ ಅಂದರೆ ಪುಟ್ಟಮ್ಮ, ಫ್ರೆಂಚರ ಬೆಲೆಟ್ ಅಂದರೆ ಪುಟ್ಟ ಚೆಲುವೆ. ಕೋಳಿಗೂಡಿಗೆ ನುಗ್ಗುವ ಪ್ರಾಣಿಗೆ ಇಷ್ಟು ಮುದ್ದು ಯಾಕೆ? ಹೆದರಿಕೆ. ನಿಜವಾದ ಹೆಸರು ಕೂಗಿದರೆ ಬಂದುಬಿಡುತ್ತದೆ, ಪುಸಲಾಯಿಸಿ ಕರೆದರೆ ಸುಮ್ಮನಿರುತ್ತದೆ ಎಂಬ ನಂಬಿಕೆ. ರಾತ್ರಿ ಹಾವಿಗೆ ಹುಳ ಅನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಸೋಪನ ಕಥೆಯೊಂದರಲ್ಲಂತೂ ವೀಸಲ್ ನಿಜವಾಗಿಯೂ ಮದುಮಗಳಾಗುತ್ತದೆ. ದೇವತೆ ಅದನ್ನು ಹುಡುಗಿ ಮಾಡಿ ಇಷ್ಟಪಟ್ಟವನಿಗೆ ಕೊಟ್ಟು ಮದುವೆ ಮಾಡಿಸುತ್ತಾಳೆ. ಬುದ್ಧಿಯೂ ಬದಲಾಯಿತೋ ನೋಡೋಣ ಎಂದು ಕೋಣೆಗೆ ಒಂದು ಇಲಿ ಬಿಡುತ್ತಾಳೆ. ಮದುಮಗಳು ಮಂಚದಿಂದ ಹಾರಿ ಇಲಿಯ ಹಿಂದೆ ಓಡುತ್ತಾಳೆ.