ಒಂದೇ ‘ಪರಿಹಾರ’, ಮೂರು ಲೆಕ್ಕ: ವಿಪತ್ತು ವರದಿಗಾರಿಕೆಯ ಟಿಪ್ಪಣಿ

ನಮ್ಮ ಪತ್ರಿಕೋದ್ಯಮ ಪಠ್ಯದಲ್ಲಿ ಪರಿಸರ ಮತ್ತು ವಿಪತ್ತು ವರದಿಗಾರಿಕೆ ಅಂತ ಒಂದು ಭಾಗ ಇದೆ. ವಿಪತ್ತು ಎಂದರೇನು, ಅದರಲ್ಲಿ ಎಷ್ಟು ಬಗೆ, ಇದೆಲ್ಲ ಪುಸ್ತಕದಲ್ಲೇ ಚೆನ್ನಾಗಿದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನನಗೆ ಎರಡು ವಾರ ತಲೆ ತಿಂದದ್ದು ಒಂದೇ ಪದ. ಪರಿಹಾರ. ಕಾಸರಗೋಡಿನಲ್ಲಿ ಕನ್ನಡದಲ್ಲಿ ಓದಿ, ಮಲಯಾಳದ ಸರ್ಕಾರಿ ಕಾಗದ ಹಿಡಿದು ವರದಿ ಬರೆಯಬೇಕಾದ ನಮ್ಮಂಥವರು ಎಲ್ಲರೂ ಇಲ್ಲಿ ಎಡವಬಹುದು. ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ.

ಎಡವಿದ್ದು ಎಲ್ಲಿ

ಅಭ್ಯಾಸ ವರದಿಗೆಂದು ಎಣ್ಮಕಜೆ ಕಡೆಯ ಒಂದು ಮನೆಗೆ ಹೋಗಿದ್ದೆ. ತಾಯಿಗೆ ಅರುವತ್ತು ದಾಟಿದೆ. ಮಗ ಹುಟ್ಟಿದಾಗಿನಿಂದ ಎದ್ದು ನಡೆದವನಲ್ಲ. ತಿಂಗಳಿಗೊಮ್ಮೆ ಹಣ ಬರುತ್ತದೆ ಅಂದರು. ನಾನು ‘ಈ ಕುಟುಂಬಕ್ಕೆ ಪರಿಹಾರ ಸಿಕ್ಕಿದೆ’ ಅಂತ ಬರೆದುಕೊಂಡೆ. ಹೊರಡುವ ಮೊದಲು ಬರೆದದ್ದನ್ನು ಓದಿ ಹೇಳಿದೆ. ಅವರು ಏನೂ ಮಾತಾಡದೆ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ತೊಟ್ಟೆ ತಂದರು. ಒಳಗೆ ರೇಷನ್ ಕಾರ್ಡು, ಆಸ್ಪತ್ರೆ ಚೀಟಿಗಳು, ಒಂದು ಪಾಸ್‌ಬುಕ್. ಪಾಸ್‌ಬುಕ್‌ನ ಮೂಲೆ ಮಳೆಗಾಲದಲ್ಲಿ ಒದ್ದೆಯಾಗಿ ಶಾಯಿ ಹರಡಿತ್ತು. ಹಣ ಬಂದ ಸಾಲುಗಳ ಕೆಳಗೆ ಮಾತ್ರ ಪೆನ್ಸಿಲಿನ ಗೆರೆ.

“ಇದು ಅಂಗವಿಕಲರ ಪಿಂಚಣಿ ಮಗಾ. ಮದ್ದಿಗೆ, ಜೀಪಿಗೆ ಆಗ್ತದೆ. ಪರಿಹಾರ ಎಂತ ಸಿಕ್ಕಿದ್ದು ನಮಗೆ?”

ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ತೊಂದರೆಗೊಳಗಾದ ಸಂತ್ರಸ್ತರ ಸರ್ಕಾರಿ ಪಟ್ಟಿಯಲ್ಲಿ ಮಗನ ಹೆಸರೇ ಇಲ್ಲ. ಆ ಪಟ್ಟಿಗಾಗಿ ರೋಗಿಗಳನ್ನು ಗುರುತಿಸುವ ವೈದ್ಯಕೀಯ ಶಿಬಿರಕ್ಕೆ ಕರೆದ ದಿನ ಅವನಿಗೆ ಜ್ವರ, ಹೊತ್ತುಕೊಂಡು ಹೋಗಲು ಆಗಲಿಲ್ಲವಂತೆ. ನಾನು ಬರೆದ ಒಂದು ಸಾಲು ಅಚ್ಚಾಗಿದ್ದರೆ, ಅವರ ಮುಂದಿನ ಅರ್ಜಿಗೆ ಅದೇ ಅಡ್ಡ ಬರುತ್ತಿತ್ತು. ‘ಸಿಕ್ಕಿದೆಯಲ್ಲ, ಪೇಪರಿನಲ್ಲೇ ಬಂದಿದೆಯಲ್ಲ’ ಅಂತ ಯಾರಾದರೂ ಕೇಳಿದರೆ ಅವರು ಏನು ಹೇಳಬೇಕು?

ಪದವನ್ನು ಬಿಡಿಸಿದ್ದು ಹೀಗೆ

ಮನೆಗೆ ಬಂದು ಮಲಯಾಳ ಪತ್ರಿಕೆ, ಕನ್ನಡ ಪತ್ರಿಕೆ ಅಕ್ಕಪಕ್ಕ ಇಟ್ಟು ಓದಿದೆ. ಆಗ ಗೊತ್ತಾಯಿತು. ಮಲಯಾಳದಲ್ಲಿ ಮೂರು ಬೇರೆ ಬೇರೆ ಪದ ಇವೆ. ದುರಿತಾಶ್ವಾಸಂ (ತುರ್ತು ನೆರವು), ನಷ್ಟಪರಿಹಾರಂ, ಪುನರಧಿವಾಸಂ (ಪುನರ್ವಸತಿ). ಕನ್ನಡದಲ್ಲಿ ಮೊದಲ ಎರಡಕ್ಕೂ ನಾವು ಸುಮ್ನೆ ‘ಪರಿಹಾರ’ ಅಂದುಬಿಡುತ್ತೇವೆ. ಕೆಲವೊಮ್ಮೆ ಮೂರಕ್ಕೂ. ಕೇರಳದಲ್ಲಿ ‘ಮುಖ್ಯಮಂತ್ರಿಯ ದುರಿತಾಶ್ವಾಸ ನಿಧಿ’ ಆದದ್ದು ಕರ್ನಾಟಕದಲ್ಲಿ ‘ಮುಖ್ಯಮಂತ್ರಿ ಪರಿಹಾರ ನಿಧಿ’. ಲೆಕ್ಕದ ಉತ್ತರಕ್ಕೂ ಪರಿಹಾರ, ಸಮಸ್ಯೆ ಬಗೆಹರಿದರೂ ಪರಿಹಾರ. ಹಾಗಾಗಿ ‘ಪರಿಹಾರ ಸಿಕ್ಕಿದೆ’ ಅಂದ ಕೂಡಲೇ ಓದುವವರಿಗೆ ಕಷ್ಟವೇ ಮುಗಿಯಿತು ಅನ್ನಿಸುತ್ತದೆ.

ನಾನೀಗ ಪ್ರತಿ ಸಲ ಮೂರು ಪ್ರಶ್ನೆ ಕೇಳುತ್ತೇನೆ.

ತಪ್ಪು ಯಾರದ್ದು ಅಂತ ಕೇಳದೆ ಕೊಟ್ಟ ಹಣವೇ? ಹಾಗಾದರೆ ಅದು ತುರ್ತು ನೆರವು. ನೆರೆ, ಗುಡ್ಡ ಕುಸಿತ, ಸಿಡಿಲು, ಇಲ್ಲೆಲ್ಲ ಕೊಡುವುದು ಇದನ್ನೇ. ರಾಜ್ಯದ ವಿಪತ್ತು ನಿಧಿ ಎಸ್‌ಡಿಆರ್‌ಎಫ್‌ನಿಂದ ಬರುತ್ತದೆ. ಕೇರಳದಂಥ ರಾಜ್ಯಗಳಲ್ಲಿ ಈ ನಿಧಿಗೆ ಕೇಂದ್ರದ ಪಾಲು ಶೇ. 75, ರಾಜ್ಯದ್ದು ಶೇ. 25. ಮೊತ್ತ ಮೊದಲೇ ನಿಗದಿ. 2022ರಿಂದ 2026ರ ಅವಧಿಯ ಮಾನದಂಡದಲ್ಲಿ ಜೀವ ಹೋದರೆ 4 ಲಕ್ಷ. ಮನೆ ಪೂರ್ತಿ ಬಿದ್ದರೆ ಬಯಲು ಸೀಮೆಯಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ. ಇದು ಮನೆ ಕಟ್ಟುವ ಖರ್ಚಲ್ಲ, ಎದ್ದು ನಿಲ್ಲಲು ಒಂದು ಆಸರೆ ಅಷ್ಟೇ.

ಯಾರೋ ಮಾಡಿದ ಹಾನಿಗೆ ಬದಲಾಗಿ ಕೊಟ್ಟದ್ದೇ? ಅದು ನಷ್ಟ ಪರಿಹಾರ. ಇಲ್ಲಿ ಯಾರು ಮಾಡಿದರು, ಎಷ್ಟು ಹಾನಿ, ಕೊಡಿ ಅಂತ ಹೇಳಿದವರು ಯಾರು ಎಂಬುದು ವರದಿಯಲ್ಲಿ ಇರಲೇಬೇಕು.

ಮೂರನೆಯದು ಪುನರ್ವಸತಿ. ಮನೆ, ಕೆಲಸ, ಮಕ್ಕಳ ಶಾಲೆ, ಚಿಕಿತ್ಸೆ. ಇದಕ್ಕೆ ದಿನಾಂಕ ಕೇಳಿ. ಒಂದು ದಿನದಲ್ಲಿ ಮುಗಿಯುವ ಕೆಲಸ ಅಲ್ವಲ್ಲ.

ನಮ್ಮ ಮಣ್ಣಿನಲ್ಲೇ ಇರುವ ಉದಾಹರಣೆ

ಎಂಡೋಸಲ್ಫಾನ್ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು ಅಂದುಕೊಂಡಿರುತ್ತೇವೆ. ಅದನ್ನು ಮೇಲಿನ ಮೂರು ಪ್ರಶ್ನೆಗಳ ಜೊತೆ ಓದಿ ನೋಡಿ, ಬೇರೆಯೇ ಕಾಣುತ್ತದೆ. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕ ಸುರಿದರು. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ, ಇಪ್ಪತ್ತಕ್ಕೂ ಹೆಚ್ಚು ವರ್ಷ. ತೋಟ ಇರುವುದು ಗುಡ್ಡದ ಮೇಲೆ. ಮನೆ, ಬಾವಿ, ತೋಡು ಇರುವುದು ತಗ್ಗಿನಲ್ಲಿ. ಗುಡ್ಡದಲ್ಲಿ ಬಿದ್ದದ್ದೆಲ್ಲ ಮಳೆ ಬಂದಾಗ ಕೆಳಗೇ ಇಳಿಯಬೇಕು.

ಇಲ್ಲಿ ಸಿಡಿಲಿಲ್ಲ, ನೆರೆ ಇಲ್ಲ. ಸಿಂಪಡಿಸಿದವರು ಇದ್ದಾರೆ, ಸಿಂಪಡಿಸಿದ ದಿನಗಳು ಇವೆ. ಹಾಗಾಗಿ ಇದು ಎರಡನೇ ಬಗೆ. 2010ರ ಡಿಸೆಂಬರ್ 31ರಂದು ರಾಷ್ಟ್ರೀಯ ಮಾನವ ಹಕ್ಕು ಆಯೋಗ ಹಣ ಕೊಡಿ ಅಂತ ಶಿಫಾರಸು ಮಾಡಿತು. ಸಾವಿಗೀಡಾದವರ ಕುಟುಂಬಕ್ಕೆ ಮತ್ತು ಪೂರ್ತಿ ಹಾಸಿಗೆ ಹಿಡಿದವರಿಗೆ, ಬುದ್ಧಿಮಾಂದ್ಯರಿಗೆ 5 ಲಕ್ಷ, ಬೇರೆ ಅಂಗವೈಕಲ್ಯ ಇರುವವರಿಗೆ 3 ಲಕ್ಷ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೇ ಎಂಡೋಸಲ್ಫಾನ್ ತಡೆಯಿತು. 2017ರ ಜನವರಿ 10ರಂದು ಮೂರು ತಿಂಗಳೊಳಗೆ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಕೇರಳ ಸರ್ಕಾರಕ್ಕೆ ಆದೇಶಿಸಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಮುಂದೆ ಬಂದ ಲೆಕ್ಕ ಏನು ಗೊತ್ತಾ? 3,704 ಸಂತ್ರಸ್ತರಲ್ಲಿ 8 ಜನರಿಗೆ ಮಾತ್ರ ಆ ಹಣ ತಲುಪಿತ್ತು. ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಮೇಲೆ. ಕೋರ್ಟ್ ಖಾರವಾಗಿ ಹೇಳಿದ ನಂತರ ಹಂಚಿಕೆ ವೇಗ ಪಡೆಯಿತು.

ಆದೇಶದ ಮರುದಿನ ‘ಸಂತ್ರಸ್ತರಿಗೆ ಪರಿಹಾರ’ ಅಂತ ಬರೆದವರು ಸುಳ್ಳು ಬರೆದಿಲ್ಲ. ಆದರೆ ಐದು ವರ್ಷ ಬಿಟ್ಟು ಮತ್ತೆ ಹೋಗಿ ಕೇಳಿದವರ ವರದಿಯಿಂದ ಊರಿಗೆ ಹೆಚ್ಚು ಉಪಯೋಗ ಆಯಿತು ಅಂತ ನಾನು ನಂಬುತ್ತೇನೆ.

ಕಾರಣ ಹಿಡಿಯುವುದು ಹೇಗೆ ಅನ್ನುವುದಕ್ಕೂ ಪಾಠ ಇಲ್ಲೇ ಇದೆ. ಎಣ್ಮಕಜೆಯ ಪಡ್ರೆ ಊರಿನ ಶ್ರೀಪಡ್ರೆ ಅವರು ಕೃಷಿಕರು, ಪತ್ರಕರ್ತರು. 1979ರಲ್ಲೇ ಊರಿನ ಹಟ್ಟಿಗಳಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟುವುದನ್ನು ಗಮನಿಸಿ, ಹೆಲಿಕಾಪ್ಟರ್ ಸಿಂಪಡಣೆಯ ಜೊತೆ ಸೇರಿಸಿ ಬರೆದರು. ಆಮೇಲೆ ಅದೇ ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಒಂದೊಂದೇ ಮನೆಯಲ್ಲಿ ಕಾಯಿಲೆಗಳನ್ನು ಗುರುತಿಸಿದರು. 1998ರಲ್ಲಿ ಪೆರಿಯದ ಲೀಲಾಕುಮಾರಿ ಅಮ್ಮ ಸಿಂಪಡಣೆ ನಿಲ್ಲಿಸಿ ಅಂತ ನಮ್ಮ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟ್ ಮೆಟ್ಟಿಲು ಹತ್ತಿದರು. ಮನುಷ್ಯರ ಸುದ್ದಿ ದೊಡ್ಡದಾಗುವ ಎಷ್ಟೋ ವರ್ಷ ಮೊದಲೇ ಕರುಗಳ ಸುದ್ದಿ ಬಂದಿತ್ತು. ಅದಕ್ಕೇ ನಾನು ಈಗ ಯಾವ ಊರಿಗೆ ಹೋದರೂ ದನ, ಜೇನು, ಮೀನು, ಕಪ್ಪೆ ಏನಾಗಿದೆ ಅಂತ ಮೊದಲು ಕೇಳುತ್ತೇನೆ. ಹಿರಿಯರಿಗೆ ಇದಕ್ಕೆ ಉತ್ತರ ಥಟ್ಟನೆ ಬರುತ್ತದೆ.

ಹಾಗಂತ ಒಬ್ಬ ರೋಗಿಯನ್ನು ತೋರಿಸಿ ‘ಇದಕ್ಕೆ ಕಾರಣ ಇದೇ’ ಅಂತ ನಾವೇ ತೀರ್ಪು ಬರೆಯುವಂತಿಲ್ಲ. ಎಲ್ಲಿ, ಯಾವಾಗ, ಎಷ್ಟು ಮನೆಗಳಲ್ಲಿ, ಸಿಂಪಡಿಸದ ಊರಿನಲ್ಲಿ ಹೇಗಿದೆ, ಇಷ್ಟನ್ನು ಸರಿಯಾಗಿ ಬರೆದರೆ ಸಾಕು.

ಹಣದ ಕ್ರಿಯಾಪದಗಳು

ಇದು ಚಿಕ್ಕದು. ಕೇಳಿದ್ದು, ಘೋಷಿಸಿದ್ದು, ಮಂಜೂರಾದದ್ದು, ಬಿಡುಗಡೆಯಾದದ್ದು, ಕೈಗೆ ಸೇರಿದ್ದು. ಐದೂ ಬೇರೆ. ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ 2024ರ ಜುಲೈ 30ರಂದು ಗುಡ್ಡ ಜರಿದ ಮೇಲೆ ಕೇರಳ ಪುನರ್ನಿರ್ಮಾಣಕ್ಕೆ ಕೇಂದ್ರದಿಂದ ಕೇಳಿದ್ದು 2,219 ಕೋಟಿ. 2025ರ ಫೆಬ್ರವರಿಯಲ್ಲಿ 529.50 ಕೋಟಿ ಬಂತು ಅಂತ ಓದಿ ನಾನು ‘ನೆರವು’ ಅಂತ ಗುರುತು ಹಾಕಿದ್ದೆ. ಅದು 16 ಕಾಮಗಾರಿಗಳಿಗೆ ಕೊಟ್ಟ, 50 ವರ್ಷದಲ್ಲಿ ತೀರಿಸಬೇಕಾದ ಬಡ್ಡಿಯಿಲ್ಲದ ಸಾಲ. ಮಾರ್ಚ್ 31ರೊಳಗೆ ಖರ್ಚು ಮಾಡಬೇಕು ಅಂತ ಷರತ್ತು ಬೇರೆ. ಕ್ರಿಯಾಪದದ ಜೊತೆ ನಾಮಪದವನ್ನೂ ನೋಡಬೇಕು ಅಂತ ಆಗ ಕಲಿತೆ.

ಮಳೆಯ ಲೆಕ್ಕಕ್ಕೆ ನನ್ನ ಅಡ್ಡದಾರಿ

ಇದು ನನಗೆ ತುಂಬ ಇಷ್ಟವಾದ ಭಾಗ. ಸ್ವಲ್ಪ ಉದ್ದ ಆದರೂ ಪೂರ್ತಿ ಓದಿ.

ಮಳೆಯನ್ನು ಮಿಲಿಮೀಟರ್‌ನಲ್ಲಿ ಹೇಳಿದರೆ ಯಾರಿಗೂ ಏನೂ ಕಾಣುವುದಿಲ್ಲ. ಒಂದು ಚದರ ಮೀಟರ್ ಜಾಗಕ್ಕೆ 1 ಮಿ.ಮೀ. ಮಳೆ ಬಂದರೆ ಸರಿಯಾಗಿ 1 ಲೀಟರ್ ನೀರು. ಇದೊಂದು ನೆನಪಿರಲಿ. ನಮ್ಮಲ್ಲಿ ಜಾಗ ಅಳೆಯುವುದು ಸೆಂಟ್ಸ್‌ನಲ್ಲಿ. ಒಂದು ಸೆಂಟ್ಸ್ ಅಂದರೆ ಸುಮಾರು 40 ಚದರ ಮೀಟರ್. ಅಂದರೆ ಒಂದು ಸೆಂಟ್ಸ್‌ಗೆ 1 ಮಿ.ಮೀ. ಮಳೆ 40 ಲೀಟರ್, ಎರಡು ದೊಡ್ಡ ಕೊಡಪಾನ ತುಂಬುತ್ತದೆ. ಎಕ್ರೆಗೆ 4,000 ಲೀಟರ್.

ಈಗ ಇದನ್ನು ಬಳಸಿ ನೋಡಿ. ಹವಾಮಾನ ಇಲಾಖೆ ಒಂದು ದಿನದಲ್ಲಿ 204.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅತ್ಯಂತ ಭಾರೀ ಮಳೆ ಅನ್ನುತ್ತದೆ. ಹತ್ತು ಸೆಂಟ್ಸ್ ಹಿತ್ತಿಲಿನ ಮೇಲೆ ಅಷ್ಟು ಮಳೆ ಅಂದರೆ 80,000 ಲೀಟರಿಗೂ ಮೇಲೆ. ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಎಂಬತ್ತು. ವಯನಾಡಿನ ದುರಂತದ ಹೊತ್ತಿಗೆ ಅಲ್ಲಿಗೆ ಹತ್ತಿರದ ಮಳೆಮಾಪಕ 24 ಗಂಟೆಯಲ್ಲಿ ತೋರಿಸಿದ್ದು 372 ಮಿ.ಮೀ. ಒಂದೇ ಎಕ್ರೆಗೆ 15 ಲಕ್ಷ ಲೀಟರ್ ಆಯಿತು. ಕಡಿದಾದ ಗುಡ್ಡದ ಮಣ್ಣು ಇಷ್ಟು ನೀರು ಕುಡಿದು, ಭಾರ ತಾಳದೆ ಜಾರಿತು ಅಂತ ಬರೆದರೆ ಅಜ್ಜಿಗೂ ಅರ್ಥ ಆಗುತ್ತದೆ.

ಒಂದು ಎಚ್ಚರಿಕೆ. ಮಳೆಯ ಅಂಕಿ ಬರೆದ ಕೂಡಲೇ ‘ಪ್ರಕೃತಿ ವಿಕೋಪ’ ಅಂತ ಮುಗಿಸಬೇಡಿ. ಅದೇ ಮಳೆ ಪಕ್ಕದ ಗುಡ್ಡಕ್ಕೂ ಬಂದಿರುತ್ತದೆ. ಅದು ಯಾಕೆ ನಿಂತಿತು, ಇದು ಯಾಕೆ ಜಾರಿತು? ಗುಡ್ಡದ ಬುಡ ಕಡಿದಿದ್ದಾರಾ, ತೋಡು ಮುಚ್ಚಿದ್ದಾರಾ, ಕಲ್ಲು ಕೋರೆ ಇದೆಯಾ ನೋಡಬೇಕು. 2025ರಲ್ಲಿ ಹೆದ್ದಾರಿ ಅಗಲಗೊಳ್ಳುವ ಜಾಗದಲ್ಲಿ ಚೆರುವತ್ತೂರಿನ ವೀರಮಲ ಗುಡ್ಡ ಜರಿದಾಗ ನಮ್ಮ ಜಿಲ್ಲೆಯ ಜನ ಕೇಳಿದ್ದೂ ಇದನ್ನೇ. ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಮೊದಲ ಬಗೆಯ ಹಣವೋ, ಎರಡನೇ ಬಗೆಯದೋ ಅಂತ ತೀರ್ಮಾನ ಆಗುತ್ತದೆ.

ತಿದ್ದಿದ ಸಾಲು

ಮೊನ್ನೆ ಮತ್ತೆ ಆ ಮನೆಗೆ ಹೋದೆ. ‘ಪರಿಹಾರ ಸಿಕ್ಕಿದೆ’ ಅನ್ನುವುದನ್ನು ಹೊಡೆದು ಹೀಗೆ ಬರೆದಿದ್ದೆ: ‘ಮಗನಿಗೆ ಅಂಗವಿಕಲರ ಪಿಂಚಣಿ ಬರುತ್ತಿದೆ. ಅದು ಮದ್ದಿಗೆ ಮತ್ತು ಜೀಪಿನ ಬಾಡಿಗೆಗೆ ಹೋಗುತ್ತದೆ. ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ನಷ್ಟ ಪರಿಹಾರ ಬಂದಿಲ್ಲ.’

ತಾಯಿ ಮಗನ ತಲೆದಿಂಬು ಸರಿ ಮಾಡುತ್ತಾ ಕೇಳಿಸಿಕೊಂಡರು. ಇನ್ನೊಮ್ಮೆ ಓದು ಅಂದರು. ಓದಿದೆ.

“ಪಟ್ಟಿಯಲ್ಲಿ ಹೆಸರಿಲ್ಲ ಅಂತ ಉಂಟಲ್ಲ, ಅದನ್ನು ಮೊದಲು ಹಾಕು ಮಗಾ.”

ಹಾಕಿದ್ದೇನೆ.