ಎಕ್ಸ್‌ಪೋರ್ಟ್ ಬಟನ್ ಒಮ್ಮೆಯಾದರೂ ಒತ್ತಿದ್ದೀರಾ?

ಸಣ್ಣ ವ್ಯಾಪಾರ ಮಾಡುವವರ ಕಂಪ್ಯೂಟರ್, ಬಿಲ್ಲಿಂಗ್, ಬ್ಯಾಕಪ್ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲಿ ಹೋದರೂ ಮಾಲೀಕರದ್ದು ಒಂದೇ ಪ್ರಶ್ನೆ: "ಸಾರ್, ಲೆಕ್ಕವನ್ನೆಲ್ಲ ಕ್ಲೌಡ್‌ಗೆ ಹಾಕಿಬಿಡಬಹುದಾ?" ಅಂದರೆ ಇಂಟರ್‌ನೆಟ್ ಮೂಲಕ ಬೇರೆ ಕಂಪನಿಯ ಕಂಪ್ಯೂಟರಿನಲ್ಲಿ ಇಡಬಹುದಾ ಅಂತ. ಹಾಕಿ ಅಂತಲೇ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಅವರ ಕೈಯಿಂದಲೇ ಒಂದು ಕೆಲಸ ಮಾಡಿಸುತ್ತೇನೆ.

ಹಾಕಿ ಅನ್ನಲು ಕಾರಣ, ಹಾಕದವರ ಪಾಡು ನನಗೆ ಚೆನ್ನಾಗಿ ಗೊತ್ತು. ಮೇಜಿನ ಕೆಳಗೆ ಒಂದು ಹಳೇ ಕಂಪ್ಯೂಟರ್. ಅದೇ ಸರ್ವರ್. ಒಳಗೆ ಗೇಣು ದೂಳು. ಬ್ಯಾಕಪ್ ಎಲ್ಲಿ ಅಂದರೆ ಡ್ರಾಯರಿನಿಂದ ಒಂದು ಪೆನ್‌ಡ್ರೈವ್ ಹೊರಗೆ ಬರುತ್ತದೆ. ಹಾಕಿ ನೋಡಿದರೆ ಕೊನೆಯ ಕಾಪಿ ಎಂಟು ತಿಂಗಳು ಹಿಂದಿನದು, ಜೊತೆಗೆ ಯಾರದೋ ಪ್ರವಾಸದ ಫೋಟೋಗಳು. ಇಂಥ ಕಡೆ ವಿಂಡೋಸ್ ಅಪ್‌ಡೇಟ್ ಮಾಡುವವರು ಯಾರು? 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನೋ ರಾನ್ಸಮ್‌ವೇರ್ ಎರಡು ಲಕ್ಷಕ್ಕೂ ಜಾಸ್ತಿ ಕಂಪ್ಯೂಟರುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳಲು ಎಷ್ಟೋ ಜನರಿಗೆ ಪುರುಸೊತ್ತಾಗಿರಲಿಲ್ಲ, ಅಷ್ಟೇ. ಕ್ಲೌಡ್ ಕಂಪನಿಯಲ್ಲಿ ಈ ತೇಪೆ ಹಚ್ಚುವುದಕ್ಕೇ ಸಂಬಳ ತೆಗೆದುಕೊಳ್ಳುವವರು ಇರುತ್ತಾರೆ. ಮೂರು ಜನ ಕೆಲಸ ಮಾಡುವ ವ್ಯಾಪಾರಕ್ಕೆ ಇದೊಂದೇ ಕಾರಣ ಸಾಕು.

ಇಂಟರ್‌ನೆಟ್ ಹೋದರೆ ಏನು ಗತಿ ಅಂತ ಎಲ್ಲರೂ ಹೆದರುತ್ತಾರೆ. ನನಗೆ ಆ ಹೆದರಿಕೆ ಕಡಿಮೆ. ಫೋನಿನ ಹಾಟ್‌ಸ್ಪಾಟ್ ಇದೆ, ನೆಟ್ ಇಲ್ಲದಿದ್ದರೂ ಬಿಲ್ ಹಾಕಿ ಆಮೇಲೆ ಸಿಂಕ್ ಮಾಡುವ ಆ್ಯಪ್‌ಗಳಿವೆ. ಕ್ಲೌಡ್ ಕಂಪನಿಯವರ ಕಡೆಯೇ ನಿಂತುಹೋದರೆ? 99.9 ಶೇಕಡಾ ನಡೆಯುತ್ತದೆ ಅಂತ ಮಾತು ಕೊಟ್ಟರೂ ವರ್ಷಕ್ಕೆ ಸುಮಾರು ಎಂಟು ಮುಕ್ಕಾಲು ಗಂಟೆ ನಿಲ್ಲಬಹುದು ಅಂತ ಲೆಕ್ಕ. ಅಷ್ಟು ಹೊತ್ತಿಗೆ ಒಂದು ಬಿಲ್ ಪುಸ್ತಕ ಎತ್ತಿಟ್ಟುಕೊಂಡಿದ್ದರೆ ಆಯಿತು.

ನಿದ್ದೆ ಕೆಡಿಸಬೇಕಾದ ವಿಷಯ ಬೇರೆ ಇದೆ. ಹೋದ ನೆಟ್ ಬರುತ್ತದೆ, ಹೋದ ಡೇಟಾ ಬರುವುದಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಅನ್ನೋ ಕ್ಲೌಡ್ ಕಂಪನಿಯ ಸರ್ವರ್‌ಗಳಿದ್ದ ಡೇಟಾ ಸೆಂಟರ್ ಕಟ್ಟಡವೊಂದು ಸುಟ್ಟುಹೋಯಿತು. ಬ್ಯಾಕಪ್ ಬೇರೆ ಕಡೆ ಇಟ್ಟವರು ಮತ್ತೆ ಎದ್ದರು. ಕ್ಲೌಡ್‌ನಲ್ಲಿದೆ ಅಂದಮೇಲೆ ಬ್ಯಾಕಪ್ ಇದ್ದೇ ಇರುತ್ತದೆ ಅಂದುಕೊಂಡಿದ್ದ ಕೆಲವರು ಎಲ್ಲ ಕಳೆದುಕೊಂಡರು. ಬೆಂಕಿಯೇ ಬೀಳಬೇಕು ಅಂತಿಲ್ಲ. 2013ರಲ್ಲಿ ನಿರ್ವಾನಿಕ್ಸ್ ಅನ್ನೋ ಕ್ಲೌಡ್ ಸ್ಟೋರೇಜ್ ಕಂಪನಿ ಬಾಗಿಲು ಹಾಕುವಾಗ ಗ್ರಾಹಕರಿಗೆ ಎರಡೇ ವಾರ ಕೊಟ್ಟಿತು. ಎರಡು ವಾರದಲ್ಲಿ ನಿಮ್ಮದನ್ನೆಲ್ಲ ಹೊರಗೆ ತೆಗೆಯಬಲ್ಲಿರಾ?

ನಾನು ಮಾಡಿಸುವ ಕೆಲಸ ಇದೇ. ಎಕ್ಸ್‌ಪೋರ್ಟ್ ಬಟನ್, ಅಂದರೆ ಸಾಫ್ಟ್‌ವೇರ್‌ನೊಳಗಿನ ಡೇಟಾವನ್ನು ಫೈಲಾಗಿ ಹೊರಗೆ ಕೊಡುವ ಬಟನ್ ಒತ್ತಿಸುವುದು.

ಇತ್ತೀಚೆಗೆ ಒಬ್ಬ ಮಾಲೀಕರ ಪಕ್ಕದಲ್ಲಿ ಕೂತು ಒತ್ತಿಸಿದೆ. ಏಳು ವರ್ಷದಿಂದ ಅದೇ ಸಾಫ್ಟ್‌ವೇರ್ ಬಳಸುತ್ತಿದ್ದಾರೆ, ಆ ಬಟನ್ ಎಲ್ಲಿದೆ ಅಂತ ಹುಡುಕಲು ಹತ್ತು ನಿಮಿಷ ಬೇಕಾಯಿತು. ಮೂರು ಫೈಲು ಬಂದವು: ಗ್ರಾಹಕರು, ಐಟಂಗಳು, ಬಿಲ್‌ಗಳು. ಗ್ರಾಹಕರ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದರೆ ಫೋನ್ ನಂಬರ್ ಇರಬೇಕಾದ ಕಡೆ 9.88ಇ+09 ಅಂತಿದೆ. ಅವರ ಮುಖ ಬಿಳಿಚಿಕೊಂಡಿತು. ಕಾಲಮ್ ಅಗಲ ಮಾಡಿದೆ, ನಂಬರ್‌ಗಳು ವಾಪಸ್ ಬಂದವು. ಆದರೆ ಐಟಂಗಳ ಫೈಲಿನಲ್ಲಿ ಕೋಡ್‌ಗಳ ಮುಂದಿದ್ದ ಸೊನ್ನೆಗಳು ಬರಲಿಲ್ಲ. 00417 ಹೋಗಿ ಬರೀ 417. ಇದು ಎಕ್ಸೆಲ್ ಕೇಳದೇ ಮಾಡುವ ಉಪಕಾರ. ಅದೇ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸೊನ್ನೆಗಳು ಹಾಗೇ ಇದ್ದವು. ಎಕ್ಸೆಲ್‌ನಲ್ಲಿ ತೆರೆದು ಸುಮ್ನೆ ಸೇವ್ ಒತ್ತಿದ್ದರೆ ಅಲ್ಲಿಗೆ ಮುಗೀತು.

ಬಿಲ್‌ಗಳ ಫೈಲಿನಲ್ಲಿ ಇನ್ನೂ ದೊಡ್ಡ ಪೆಟ್ಟು ಕಾದಿತ್ತು. ಬಿಲ್ ನಂಬರ್ ಇದೆ, ದಿನಾಂಕ ಇದೆ, ಒಟ್ಟು ಮೊತ್ತ ಇದೆ. ಯಾವ ಐಟಂ, ಎಷ್ಟು, ಯಾವ ದರಕ್ಕೆ ಮಾರಿದ್ದು ಅನ್ನೋದು ಇಲ್ಲವೇ ಇಲ್ಲ. ಜೊತೆಗೆ ಸೇರಿಸಿಟ್ಟಿದ್ದ ರಸೀದಿಗಳ ಫೋಟೋಗಳೂ ಇಲ್ಲ. "ಏಳು ವರ್ಷದ ವ್ಯಾಪಾರ ಇಷ್ಟೇನಾ?" ಅಂದರು. ಸಾಫ್ಟ್‌ವೇರ್‌ನವರಿಗೆ ಬರೆದು ಕೇಳಿದ ಮೇಲೆ ಐಟಂ ಸಮೇತ ಬಿಲ್ ತೆಗೆಯುವ ದಾರಿ ತೋರಿಸಿದರು. ಅದು ಬೇರೊಂದು ಮೆನುವಿನಲ್ಲಿ, ರಿಪೋರ್ಟ್‌ಗಳ ನಡುವೆ ಅಡಗಿಕೊಂಡಿತ್ತು. ಫೋಟೋಗಳನ್ನು ಮಾತ್ರ ಒಂದೊಂದಾಗಿಯೇ ಇಳಿಸಿಕೊಳ್ಳಬೇಕು ಅಂದರು. ಹೊಸ ಸಾಫ್ಟ್‌ವೇರ್ ಕೊಳ್ಳುವವರು ಇದನ್ನು ಟ್ರಯಲ್ ನಡೆಯುವಾಗಲೇ ನೋಡಬೇಕು. ಹತ್ತು ಸುಳ್ಳು ಬಿಲ್ ಹಾಕಿ, ಹೊರಗೆ ತೆಗೆದು, ಒಳಗೆ ಹೋದದ್ದೆಲ್ಲ ಬಂತಾ ಅಂತ ಎಣಿಸಿ. ಡೆಮೊ ಕೊಡಲು ಬಂದವರು ಇದನ್ನೊಂದು ತೋರಿಸುವುದಿಲ್ಲ.

ಇನ್ನೊಂದು, ಬೀಗದ ಕೈ ಯಾರ ಹತ್ತಿರ ಇದೆ? ಒಬ್ಬರ ಬಿಲ್ಲಿಂಗ್ ಖಾತೆ ಇದ್ದದ್ದು ಕೆಲಸ ಬಿಟ್ಟುಹೋದ ಹುಡುಗನ ಇಮೇಲ್‌ನಲ್ಲಿ. ಓಟಿಪಿ ಹೋಗುವುದು ಅವನ ಫೋನಿಗೆ. ಮಾಲೀಕರು ತಮ್ಮದೇ ಲೆಕ್ಕ ನೋಡಲು ಅವನಿಗೆ ಫೋನ್ ಮಾಡಿ, "ಏನಪ್ಪಾ, ನಂಬರ್ ಬಂತಾ?" ಅಂತ ಕೇಳುತ್ತಿದ್ದರು. ಪುಣ್ಯಕ್ಕೆ ಹುಡುಗ ಒಳ್ಳೆಯವನು. ಬೀಗದ ಕೈ ಕೆಟ್ಟವರಿಗೆ ಸಿಕ್ಕಿದರೆ ಏನಾಗುತ್ತದೆ ಅನ್ನೋದಕ್ಕೆ 2014ರಲ್ಲಿ ಕೋಡ್ ಸ್ಪೇಸಸ್ ಅನ್ನೋ ಕಂಪನಿಗೆ ಆದದ್ದೇ ಉದಾಹರಣೆ. ಆ ಕಂಪನಿಯ ಅಮೆಜಾನ್ ಕ್ಲೌಡ್ ಖಾತೆಯೊಳಗೆ ಯಾರೋ ಹೊಕ್ಕು ದುಡ್ಡು ಕೇಳಿದರು. ಕಂಪನಿಯವರು ಖಾತೆ ವಾಪಸ್ ಹಿಡಿಯಲು ನೋಡಿದಾಗ ಒಳಹೊಕ್ಕವರು ಡೇಟಾ, ಬ್ಯಾಕಪ್ ಎರಡನ್ನೂ ಅಳಿಸುತ್ತಾ ಹೋದರು. ಕಂಪನಿ ಮುಚ್ಚಿಯೇ ಹೋಯಿತು. ಬ್ಯಾಕಪ್ ಇತ್ತು, ಆದರೆ ಅದೂ ಅದೇ ಬೀಗದೊಳಗೆ ಇತ್ತು. ಅದಕ್ಕೇ ಇಳಿಸಿಕೊಂಡ ಕಾಪಿ ಬೇರೆ ಖಾತೆಯಲ್ಲಿ, ಇಲ್ಲವೇ ಕೆಲಸ ಮುಗಿದ ಮೇಲೆ ಕಿತ್ತಿಡುವ ಹಾರ್ಡ್ ಡಿಸ್ಕ್‌ನಲ್ಲಿ ಇರಲಿ ಅನ್ನುತ್ತೇನೆ. ಅಡ್ಮಿನ್ ಖಾತೆ ಮಾಲೀಕರ ಹೆಸರಿನಲ್ಲಿ, ಓಟಿಪಿ ಅವರ ಫೋನಿಗೆ. ನನ್ನ ಹೆಸರಿನಲ್ಲೂ ಬೇಡ.

ಚಂದಾ ಕಟ್ಟುವುದು ನಿಲ್ಲಿಸಿದ ಮರುದಿನ ಏನಾಗುತ್ತದೆ ಅಂತಲೂ ಕೇಳಿಕೊಳ್ಳಿ. ಕೆಲವರು ನೋಡಲು ಮಾತ್ರ ಬಿಡುತ್ತಾರೆ, ಕೆಲವರು ಬಾಗಿಲನ್ನೇ ಹಾಕುತ್ತಾರೆ, ಸ್ವಲ್ಪ ದಿನ ಬಿಟ್ಟು ಅಳಿಸುತ್ತಾರೆ. ತೆರಿಗೆಯವರಿಗಾಗಿ ಹಳೇ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟಿರಬೇಕಲ್ವಾ?

ಆ ಏಳು ವರ್ಷದ ಮಾಲೀಕರು ಈಗ ತಿಂಗಳ ಮೊದಲನೇ ದಿನ ತಾವೇ ಎಕ್ಸ್‌ಪೋರ್ಟ್ ಮಾಡುತ್ತಾರೆ. ಹೋದ ಸಲ ಫೋನ್ ಬಂತು. "ಸಾರ್, ಫೈಲು ಹಿಂದಿನ ತಿಂಗಳಿಗಿಂತ ಚಿಕ್ಕದಾಗಿದೆ. ಹೇಗೆ?" ಹೋಗಿ ನೋಡಿದರೆ ಸಾಫ್ಟ್‌ವೇರ್‌ನವರು ಪೇಜಿನ ರೂಪ ಬದಲಾಯಿಸಿದ್ದರು. ದಿನಾಂಕದ ಫಿಲ್ಟರ್ ತಾನಾಗಿ ಈ ಒಂದು ವರ್ಷಕ್ಕೆ ಬಂದು ನಿಂತಿತ್ತು.