ಮತಕ್ಕೆ ಹೋಗುವ ಮುನ್ನ ಮಸೂದೆ ದಾಟಬೇಕಾದ ಹಂತಗಳು: ನ್ಯೂಯಾರ್ಕ್ ನಗರ ಪರಿಷತ್ತಿನ ಸಂಶೋಧನಾ ಸಿಬ್ಬಂದಿಯ ಕೆಲಸ

ನ್ಯೂಯಾರ್ಕ್ ನಗರ ಪರಿಷತ್ತಿನಲ್ಲಿ 51 ಸದಸ್ಯರಿದ್ದಾರೆ. ಒಬ್ಬೊಬ್ಬರ ಮೇಲೂ ‘ಇದಕ್ಕೊಂದು ಕಾನೂನು ತನ್ನಿ’ ಎಂಬ ಕ್ಷೇತ್ರದ ಜನರ ಒತ್ತಡ ಇದ್ದೇ ಇರುತ್ತದೆ. ಆ ಬೇಡಿಕೆಯನ್ನು ನ್ಯಾಯಾಲಯದಲ್ಲಿ ನಿಲ್ಲುವ, ಇಲಾಖೆ ಜಾರಿ ಮಾಡಬಲ್ಲ ವಾಕ್ಯಗಳಾಗಿಸುವವರು ಸಮಿತಿಯ ವಕೀಲರು, ನೀತಿ ವಿಶ್ಲೇಷಕರು ಮತ್ತು ಹಣಕಾಸು ವಿಶ್ಲೇಷಕರು. ಇವರು ಪರಿಷತ್ತಿನ ನೌಕರರು, ಮೇಯರ್ ಕೈಕೆಳಗಿನವರಲ್ಲ. ಇದು ಬಹಳ ಮುಖ್ಯ. ಹೊಸ ಮಸೂದೆ ಸಾಮಾನ್ಯವಾಗಿ ಹೊಣೆ ಹೊರಿಸುವುದು ಮೇಯರ್ ಅಧೀನದ ಇಲಾಖೆಯೊಂದರ ಮೇಲೆ. ‘ಇದು ಆಗದ ಕೆಲಸ’ ಎಂದು ಆ ಇಲಾಖೆ ಹೇಳಿದಾಗ, ಅದು ನಿಜವೇ ಎಂದು ಪರೀಕ್ಷಿಸಲು ಬೇರೆಯವರೇ ಬೇಕು.

ಸದಸ್ಯರ ಕಚೇರಿಯಿಂದ ಕೋರಿಕೆ ಬಂದೊಡನೆ ಕರಡು ಬರೆಯಲು ಕೂರುವಂತಿಲ್ಲ. ಮೊದಲು ನಗರದ ಕಾನೂನುಗಳ ಸಂಗ್ರಹವಾದ ಆಡಳಿತ ಸಂಹಿತೆಯನ್ನು ತೆರೆದು, ಅದೇ ವಿಷಯಕ್ಕೆ ಈಗಾಗಲೇ ಕಾನೂನು ಇದೆಯೇ ಎಂದು ನೋಡಬೇಕು. ಎಷ್ಟೋ ಸಲ ಇರುತ್ತದೆ, ಜಾರಿ ಮಾತ್ರ ಆಗಿರುವುದಿಲ್ಲ. ಆಗ ಹೊಸ ಮಸೂದೆಗಿಂತ ಇಲಾಖೆಯನ್ನು ಸಮಿತಿಯ ಮುಂದೆ ಕರೆಸಿ ಪ್ರಶ್ನಿಸುವುದೇ ಮೇಲು. ಮಸೂದೆ ಬೇಕೆಂದು ಬಂದ ಸದಸ್ಯರಿಗೆ ಇದನ್ನು ನೇರವಾಗಿ ಹೇಳುವುದು ಈ ಹುದ್ದೆಯ ಅತಿ ಕಷ್ಟದ ಕೆಲಸ, ಅತಿ ಉಪಯುಕ್ತವಾದದ್ದೂ ಹೌದು.

ಮುಂದಿನ ಪ್ರಶ್ನೆ ಅಧಿಕಾರದ್ದು: ಈ ಕಾನೂನನ್ನು ಮಾಡಲು ನಗರಕ್ಕೆ ಅಧಿಕಾರವಿದೆಯೇ? ಬಾಡಿಗೆ ನಿಯಂತ್ರಣದ ಮಾತು ಬಂದರೆ ರಾಜ್ಯ ಮಾಡಿದ 1971ರ ಅರ್ಸ್ಟಾಡ್ ಕಾನೂನು ಎದುರಾಗುತ್ತದೆ. ರಾಜ್ಯದ ನಿಯಮಕ್ಕಿಂತ ಬಿಗಿಯಾದ ಬಾಡಿಗೆ ಕಾನೂನನ್ನು ನಗರ ಮಾಡದಂತೆ ಅದು ತಡೆಯುತ್ತದೆ. ತೆರಿಗೆಯೂ ಹಾಗೆಯೇ, ರಾಜ್ಯದ ಒಪ್ಪಿಗೆಯಿಲ್ಲದೆ ಹೊಸದನ್ನು ಹಾಕುವಂತಿಲ್ಲ. 2016ರಲ್ಲಿ ಅಂಗಡಿಯ ಕೈಚೀಲಕ್ಕೆ ಕನಿಷ್ಠ 5 ಸೆಂಟ್ ಶುಲ್ಕ ವಿಧಿಸುವ ಕಾನೂನನ್ನು ಪರಿಷತ್ತು ತಂದಾಗ, ಆ ಹಣ ನಗರದ ಬೊಕ್ಕಸಕ್ಕೆ ಹೋಗದೆ ಅಂಗಡಿಯವರಲ್ಲೇ ಉಳಿಯುವಂತೆ ಬರೆಯಲಾಗಿತ್ತು. ಬೊಕ್ಕಸಕ್ಕೆ ಹೋದರೆ ಅದು ತೆರಿಗೆ ಎನಿಸಿಕೊಳ್ಳುತ್ತಿತ್ತು. ಆದರೂ ಕಾನೂನು ಜಾರಿಯಾಗಲಿಲ್ಲ. ಜಾರಿಯ ದಿನದ ಹಿಂದಿನ ದಿನ, 2017ರ ಫೆಬ್ರುವರಿ 14ರಂದು, ರಾಜ್ಯ ಶಾಸಕಾಂಗ ತಂದ ತಡೆ ಮಸೂದೆಗೆ ಗವರ್ನರ್ ಸಹಿ ಹಾಕಿದರು. ಪ್ಲಾಸ್ಟಿಕ್ ಚೀಲಕ್ಕೆ ರಾಜ್ಯವೇ ಹಾಕಿದ ನಿಷೇಧ ಜಾರಿಗೆ ಬಂದದ್ದು 2020ರಲ್ಲಿ. ಹಾಗಾಗಿ ಅಧಿಕಾರದ ಟಿಪ್ಪಣಿಯಲ್ಲಿ ಎರಡು ಉತ್ತರಗಳಿರಬೇಕು: ನ್ಯಾಯಾಲಯ ಇದನ್ನು ಎತ್ತಿಹಿಡಿಯುತ್ತದೆಯೇ, ರಾಜ್ಯ ಇದನ್ನು ಇರಗೊಡುತ್ತದೆಯೇ.

ಕರ್ನಾಟಕದ ಮಹಾನಗರ ಪಾಲಿಕೆಗಳನ್ನು ಬಲ್ಲವರಿಗೆ ಈ ಸ್ಥಿತಿ ಪರಿಚಿತವೇ. 1976ರ ಕಾಯ್ದೆಯಡಿ ಪಾಲಿಕೆ ಮಾಡಿದ ಬೈಲಾಗೆ ರಾಜ್ಯ ಸರ್ಕಾರದ ಅನುಮೋದನೆ ಬೇಕು. ಆದರೆ ನಮ್ಮಲ್ಲಿ ಸಭೆಗೆ ಬರುವ ವಿಷಯ ಟಿಪ್ಪಣಿಯನ್ನು ಬರೆಯುವುದು ಆಯುಕ್ತರ ಅಧೀನದ ಶಾಖೆಗಳು, ಆಯುಕ್ತರನ್ನು ನೇಮಿಸುವುದು ಸರ್ಕಾರ. ಪಾಲಿಕೆ ಸದಸ್ಯರ ಪರವಾಗಿ ಆ ಟಿಪ್ಪಣಿಯನ್ನು ಇನ್ನೊಮ್ಮೆ ಪರಿಶೀಲಿಸುವ ವಿಶ್ಲೇಷಕರಿಲ್ಲ. ಸ್ಥಾಯಿ ಸಮಿತಿಗೊಬ್ಬರಂತೆ ಕೊಟ್ಟರೂ ಚರ್ಚೆಯ ಗುಣಮಟ್ಟ ಬದಲಾದೀತು.

ಕರಡಿನಲ್ಲಿ ಹೆಚ್ಚು ಹೊತ್ತು ಬೇಡುವುದು ವ್ಯಾಖ್ಯೆಗಳ ಭಾಗ. 2021ರ 144ನೇ ಸ್ಥಳೀಯ ಕಾನೂನನ್ನು ನೋಡಿ. ಉದ್ಯೋಗಿಗಳ ಆಯ್ಕೆಗೆ ಸ್ವಯಂಚಾಲಿತ ತಂತ್ರಾಂಶ ಬಳಸುವವರು ಅದು ಪಕ್ಷಪಾತ ಮಾಡುತ್ತದೆಯೇ ಎಂದು ಸ್ವತಂತ್ರವಾಗಿ ತಪಾಸಣೆ ಮಾಡಿಸಬೇಕು ಎಂಬುದು ಅದರ ಆಶಯ. ಮನುಷ್ಯರ ತೀರ್ಮಾನಕ್ಕೆ ‘ಗಣನೀಯವಾಗಿ ನೆರವಾಗುವ’ ಅಥವಾ ಅದರ ಜಾಗಕ್ಕೆ ಬರುವ ತಂತ್ರಾಂಶ ಎಂದು ಕಾನೂನು ಹೇಳಿತು. ‘ಗಣನೀಯ’ ಎಂದರೆ ಎಷ್ಟು? ಅದನ್ನು ಈ ಕಾನೂನು ಜಾರಿ ಮಾಡುವ ಇಲಾಖೆ 2023ರ ಏಪ್ರಿಲ್‌ನಲ್ಲಿ ನಿಯಮದ ಮೂಲಕ ತೀರ್ಮಾನಿಸಿತು: ತಂತ್ರಾಂಶದ ಅಂಕವೊಂದನ್ನೇ ನೆಚ್ಚಿದ್ದರೆ, ಉಳಿದ ಯಾವುದೇ ಅಂಶಕ್ಕಿಂತ ಅದಕ್ಕೆ ಹೆಚ್ಚು ತೂಕ ಕೊಟ್ಟಿದ್ದರೆ, ಇಲ್ಲವೇ ಬೇರೆ ಆಧಾರದ ಮೇಲೆ ಮಾಡಿದ ತೀರ್ಮಾನವನ್ನು ಅದರಿಂದ ತಳ್ಳಿಹಾಕಿದ್ದರೆ ಮಾತ್ರ ಕಾನೂನು ಅನ್ವಯ. ‘ನಾವು ಸಂದರ್ಶನಕ್ಕೇ ಹೆಚ್ಚು ತೂಕ ಕೊಡುತ್ತೇವೆ’ ಎನ್ನುವ ಕಂಪನಿ ಹೊರಗುಳಿಯಿತು. 2023ರ ಜನವರಿ 1ರಿಂದ ಜಾರಿಯಾಗಬೇಕಿದ್ದ ಕಾನೂನನ್ನು ಮೀರಿದವರ ಮೇಲಿನ ಕ್ರಮ ಜುಲೈ 5ಕ್ಕೆ ಮುಂದೆ ಹೋಯಿತು. ಅಳೆಯಲಾಗದ ವಿಶೇಷಣವನ್ನು ಪರಿಷತ್ತು ಬಳಸಿದರೆ, ಅದನ್ನು ಅಳೆಯುವ ಅಧಿಕಾರ ಇಲಾಖೆಗೆ ಹೋಗುತ್ತದೆ. ಕೆಲವೊಮ್ಮೆ ಅದೇ ಸರಿ. ಆದರೆ ಅದು ಗೊತ್ತಿದ್ದು ಮಾಡಿದ ಆಯ್ಕೆಯಾಗಿರಬೇಕು.

ಹಣದ ಲೆಕ್ಕ ಬೇರೆ ಹಾಳೆಯಲ್ಲಿ ಬರುತ್ತದೆ. ಆರ್ಥಿಕ ಪರಿಣಾಮದ ಹೇಳಿಕೆ ಜೊತೆಗಿಲ್ಲದ ಮಸೂದೆಯನ್ನು ಮತಕ್ಕೆ ಹಾಕುವಂತಿಲ್ಲ, ಇದು ನಗರಾಡಳಿತದ ಮೂಲ ಕಾನೂನಾದ ನಗರ ಸನ್ನದಿನ ನಿಯಮ. ಜಾರಿಯಾಗುವ ವರ್ಷ, ಅದರ ಮುಂದಿನ ವರ್ಷ, ಪೂರ್ಣ ಪರಿಣಾಮ ಕಾಣುವ ವರ್ಷ, ಈ ಮೂರಕ್ಕೂ ಆದಾಯ ಮತ್ತು ವೆಚ್ಚ ತೋರಿಸಬೇಕು. 2024ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ ತಿದ್ದುಪಡಿಯ ನಂತರ, ವೆಚ್ಚದ ಅಂದಾಜು ಮಸೂದೆಯ ಮೇಲೆ ಸಮಿತಿ ನಡೆಸುವ ಸಾರ್ವಜನಿಕ ವಿಚಾರಣೆಗೆ ಮೊದಲೇ ಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ‘ಈಗಿರುವ ಸಿಬ್ಬಂದಿಯೇ ಮಾಡುತ್ತಾರೆ’ ಎಂದು ವೆಚ್ಚವನ್ನು ಸೊನ್ನೆ ಎಂದು ಬರೆಯುವುದು. ತಪಾಸಣೆಗಳ ಸಂಖ್ಯೆಯನ್ನು ಒಬ್ಬ ತಪಾಸಕರು ವರ್ಷಕ್ಕೆ ಮಾಡಬಲ್ಲ ತಪಾಸಣೆಗಳಿಂದ ಭಾಗಿಸಿ ನೋಡಿದರೆ ಸಾಕು, ಆ ಸೊನ್ನೆ ನಿಲ್ಲುತ್ತದೆಯೇ ಎಂದು ಗೊತ್ತಾಗುತ್ತದೆ.

ಸಮಿತಿ ವರದಿ ವಿಚಾರಣೆಯ ದಿನ ಸದಸ್ಯರ ಕೈಯಲ್ಲಿರುವ ದಾಖಲೆ. ಹಿನ್ನೆಲೆ, ಈಗಿನ ಕಾನೂನು, ಸಮಸ್ಯೆ, ಮಸೂದೆಯ ಕಲಮುಗಳ ವಿವರಣೆ ಅದರಲ್ಲಿರುತ್ತವೆ. ಅಂಕಿಅಂಶಕ್ಕೆ ನಗರದ 311 ಸಹಾಯವಾಣಿಯ ದೂರುಗಳು ಸುಲಭವಾಗಿ ಸಿಗುತ್ತವೆ, ಅಪಾಯವೂ ಅಲ್ಲೇ ಇದೆ. ದೂರು ಕಡಿಮೆ ಇರುವ ಬಡಾವಣೆಯಲ್ಲಿ ತೊಂದರೆ ಕಡಿಮೆ ಎಂದಲ್ಲ. ಭಾಷೆ ಬಾರದವರು, ಮನೆ ಮಾಲೀಕರಿಗೆ ಹೆದರುವ ಬಾಡಿಗೆದಾರರು ಕರೆ ಮಾಡದಿರಬಹುದು. ಆದ್ದರಿಂದ ದೂರುಗಳ ಪಕ್ಕದಲ್ಲಿ ತಪಾಸಣೆ ಮತ್ತು ದಂಡದ ದಾಖಲೆಯನ್ನೂ ಇಡಬೇಕು. ವರದಿಯ ಜೊತೆಗೆ ಸದಸ್ಯರಿಗಾಗಿ ಪ್ರಶ್ನೆಗಳ ಪಟ್ಟಿಯೂ ಹೋಗುತ್ತದೆ. ‘ಜಾರಿ ಹೇಗಿದೆ?’ ಎಂದು ಕೇಳಿದರೆ ಭಾಷಣ ಸಿಗುತ್ತದೆ. ‘ಕಳೆದ ಆರ್ಥಿಕ ವರ್ಷದಲ್ಲಿ ಎಷ್ಟು ನೋಟಿಸ್ ಕೊಟ್ಟಿರಿ, ಎಷ್ಟು ದಂಡ ವಸೂಲಾಯಿತು?’ ಎಂದರೆ ಸಂಖ್ಯೆ ಸಿಗುತ್ತದೆ, ಇಲ್ಲವೇ ಸಂಖ್ಯೆ ಇಲ್ಲವೆಂಬುದು ದಾಖಲಾಗುತ್ತದೆ. ವಿಚಾರಣೆ ಮುಗಿದ ಮೇಲೂ 72 ಗಂಟೆ ಸಾರ್ವಜನಿಕರು ಲಿಖಿತ ಹೇಳಿಕೆ ಕಳಿಸಬಹುದು. ಅದನ್ನು ಓದದೆ ತಿದ್ದುಪಡಿಗೆ ಕೈ ಹಾಕಬಾರದು, ಸಣ್ಣ ವ್ಯಾಪಾರಿಗಳ ಖಚಿತ ಆಕ್ಷೇಪಗಳು ಹೆಚ್ಚಾಗಿ ಅಲ್ಲಿರುತ್ತವೆ.

ತಿದ್ದಿದ ಕರಡಿನ ಸಂಖ್ಯೆಗೆ ‘ಎ’ ಸೇರುತ್ತದೆ. ಈಗಿನ ಕಾನೂನಿನಿಂದ ತೆಗೆಯುವ ಪದಗಳು ಚೌಕ ಆವರಣದಲ್ಲಿ, ಅದಕ್ಕೆ ಸೇರಿಸುವವು ಅಡಿಗೆರೆಯೊಂದಿಗೆ. ಅಂತಿಮ ರೂಪ ಭಾನುವಾರ ಬಿಟ್ಟು ಕನಿಷ್ಠ 7 ದಿನ ಸದಸ್ಯರ ಮುಂದಿರಬೇಕು. ಮೇಯರ್ ತುರ್ತು ಎಂದು ಪ್ರಮಾಣೀಕರಿಸಿದರೆ ಮಾತ್ರ ವಿನಾಯಿತಿ. ಕೊನೆಯ ಗಳಿಗೆಯಲ್ಲಿ ಒಂದು ಪದ ಬದಲಿಸಿದರೂ ಆ ದಿನಗಳನ್ನು ಮೊದಲಿನಿಂದ ಎಣಿಸಬೇಕು. ಅಂಗೀಕಾರಕ್ಕೆ 26 ಮತ. ಮೇಯರ್‌ಗೆ 30 ದಿನ ಅವಕಾಶ, ಅವರು ಸುಮ್ಮನಿದ್ದರೂ ಕಾನೂನಾಗುತ್ತದೆ. ವೀಟೋ ಮಾಡಿದರೆ ಅದನ್ನು ಮೀರಲು 34 ಮತ.

ಜಾರಿಯ ದಿನಾಂಕವನ್ನು ಅಂದಾಜಿನಲ್ಲಿ ಹಾಕುವುದು ಇನ್ನೊಂದು ದೊಡ್ಡ ತಪ್ಪು. ಇಲಾಖೆ ನಿಯಮ ಮಾಡಬೇಕಿದ್ದರೆ ವಿಚಾರಣೆಗೆ 30 ದಿನ ಮುಂಚೆ ಪ್ರಕಟಣೆ, ಅಂತಿಮ ನಿಯಮ ಪ್ರಕಟವಾದ ಮೇಲೆ ಸಾಮಾನ್ಯವಾಗಿ ಇನ್ನೂ 30 ದಿನ. ಇದಕ್ಕೆ ನಿಯಮ ಬರೆಯುವ, ಕಾನೂನು ಇಲಾಖೆ ಪರಿಶೀಲಿಸುವ ಸಮಯ ಕೂಡಿಸಿದರೆ 90 ದಿನ ಸಾಲುವುದಿಲ್ಲ. ದೊಡ್ಡ ಕಟ್ಟಡಗಳ ಇಂಗಾಲ ಹೊರಸೂಸುವಿಕೆಗೆ ಮಿತಿ ಹಾಕಿದ 97ನೇ ಕಾನೂನು ಬಂದದ್ದು 2019ರಲ್ಲಿ, ಮಿತಿ ಅನ್ವಯವಾದದ್ದು 2024ರಿಂದ. ಮಿತಿ ಮೀರಿದ ಪ್ರತಿ ಟನ್‌ಗೆ 268 ಡಾಲರ್‌ವರೆಗೆ ದಂಡವಿರುವಾಗ ಬಾಯ್ಲರ್ ಬದಲಿಸಲು ಅಷ್ಟು ಕಾಲ ಕೊಡಲೇಬೇಕಿತ್ತು.

ಕೊನೆಗೆ ವರದಿ ಕೇಳುವ ಕಲಮು. ‘ಇಲಾಖೆ ವರ್ಷಕ್ಕೊಮ್ಮೆ ವರದಿ ಕೊಡತಕ್ಕದ್ದು’ ಎಂದಷ್ಟೇ ಬರೆದರೆ ಇಡೀ ನಗರಕ್ಕೆ ಒಂದೇ ಮೊತ್ತವಿರುವ ಪಿಡಿಎಫ್ ಬಂದೀತು. ಯಾವ ತಾರೀಖಿನೊಳಗೆ, ಪರಿಷತ್ ಕ್ಷೇತ್ರವಾರು ಯಾವ ಯಾವ ಅಂಕಣಗಳು, ಕಂಪ್ಯೂಟರ್ ನೇರವಾಗಿ ಓದಬಲ್ಲ ಯಾವ ರೂಪದಲ್ಲಿ ಎಂಬುದನ್ನು ಕಲಮಿನಲ್ಲೇ ಬರೆಯಬೇಕು. ಆ ಅಂಕಣಗಳನ್ನು ಇಲಾಖೆಯ ದತ್ತಾಂಶ ವಿಭಾಗದ ಜೊತೆ ಕೂತು, ಮಸೂದೆ ಮತಕ್ಕೆ ಹೋಗುವ ಮೊದಲೇ ಒಂದೊಂದಾಗಿ ಹೊಂದಿಸಿ ನೋಡಬೇಕು.